‘ಆ ಗುಂಡ್ಯಾಗ ಏನದ ಅಂತ ಅಷ್ಟೊತ್ತು ನೋಡ್ತೀರಿ?’

ಈ ಪ್ರಶ್ನೆ ನನಗೆ ಮದುವೆ ಮನೆಯಲ್ಲಿ ಬಂದಿದೆ, ಕಟಿಂಗ್ ಅಂಗಡಿಯಲ್ಲಿ ಬಂದಿದೆ. ಜಾಸ್ತಿ ಬರುವುದು ಮಾತ್ರ ರಸ್ತೆ ಕೆಲಸ ನಡೆಯುವ ಜಾಗದಲ್ಲಿ. ಎಲ್ಲಾದರೂ ಹೊಸ ರಸ್ತೆಗೆ ಗೂಟ ಹೊಡೆದಿದ್ದಾರೆ ಅಂತ ಗೊತ್ತಾದರೆ ಸಾಕು, ರಜೆ ದಿನ ನಾನೂ ನಾಲ್ಕು ಹುಡುಗರೂ ಕಲಬುರಗಿಯಿಂದ ಬೈಕ್ ಹತ್ತುತ್ತೇವೆ. ಹಳೇ ಕಾಲದ ಜನ ಬಾಳಿದ ಗುರುತು ಸಿಗುತ್ತಾ ಅಂತ ಗೂಟದಿಂದ ಗೂಟಕ್ಕೆ ನೆಲ ನೋಡುತ್ತಾ ನಡೆಯುತ್ತೇವೆ. ಜೆಸಿಬಿ ಆಗಲೇ ಕಡಿದ ಗೋಡೆ ಸಿಕ್ಕರೆ ಅದರ ಮುಂದೆ ಕೂತುಬಿಡುತ್ತೇವೆ. ಐದು ನಿಮಿಷದಲ್ಲಿ ಯಾರಾದರೂ ಬಂದೇ ಬರುತ್ತಾರೆ.

“ಏನ್ ಸರ, ಬಂಗಾರ ಏನರ ಅದ ಏನು?”

ಇಲ್ಲ ಅಂದರೆ ನಂಬುವುದಿಲ್ಲ. ನಂಬಿದವರು ಎರಡನೇ ಪ್ರಶ್ನೆ ಕೇಳುತ್ತಾರೆ. “ಮತ್ತ ಆ ಗುಂಡ್ಯಾಗ ಏನದ ಅಂತ ಅಷ್ಟೊತ್ತು ನೋಡ್ತೀರಿ?”

ನಮ್ಮ ಕಡೆಯವರಿಗೆ ಇದನ್ನು ಹೇಳುವಾಗ ನಾನು ಹಗೇವಿನಿಂದ ಶುರು ಮಾಡುತ್ತೇನೆ. ಜೋಳ ತುಂಬಿಡುವ ನೆಲದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಕಣಿಕಿ, ಅಂದರೆ ಜೋಳದ ಒಣ ದಂಟು ಹಾಸಿ, ಕಾಳು ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅರವತ್ತು ದಾಟಿದವರಿಗೆ ಇದು ಗೊತ್ತು. ಈಗ ಯೋಚನೆ ಮಾಡಿ. ಹಗೇವು ಹಳತಾಯಿತು, ಯಾರೂ ಕಾಳು ತುಂಬುವುದಿಲ್ಲ. ಆಮೇಲೆ ಏನಾಗುತ್ತೆ? ಮನೆ ಕಸ ಅದಕ್ಕೇ ಬೀಳುತ್ತೆ. ಬೂದಿ, ಒಡೆದ ಗಡಿಗೆ, ಎಲುಬು, ಹೊಟ್ಟು. ನಾಲ್ಕು ಮಳೆಗಾಲದಲ್ಲಿ ಗುಂಡಿ ತುಂಬಿ ಮುಚ್ಚಿಹೋಗುತ್ತೆ. ಮನೆಯ ಕಥೆ ಬೇರೆ. ಅದರ ಮಣ್ಣಿನ ಗೋಡೆ ಕುಸಿಯುತ್ತೆ, ಕಲ್ಲನ್ನು ಮುಂದಿನ ಮನೆಯವರು ಒಯ್ಯುತ್ತಾರೆ, ಉಳಿದದ್ದನ್ನು ನೇಗಿಲು ಹರಡುತ್ತೆ. ಸಾವಿರ ವರ್ಷ ಕಳೆದ ಮೇಲೆ ಆ ಊರಲ್ಲಿ ಇನ್ನೂ ಜಾಗ ಬಿಟ್ಟು ಕದಲದೆ ಇರುವುದು ನೇಗಿಲಿಗೆ ಸಿಗದ ಆ ಗುಂಡಿ ಒಂದೇ.

ಕಂದಕದ್ದೂ ಹೀಗೇ. ಬೀದರ ಕೋಟೆಯ ಮೂರು ಸಾಲಿನ ಕಂದಕವನ್ನು ಕೆಂಪು ಜಂಬಿಟ್ಟಿಗೆ ಕಲ್ಲಲ್ಲೇ ಕೊರೆದಿದ್ದಾರೆ, ಅದು ಇವತ್ತಿಗೂ ಕಾಣುತ್ತೆ. ಆದರೆ ಸಣ್ಣ ಊರಿನವರು ಮಣ್ಣಲ್ಲಿ ತೋಡಿದ ಕಂದಕ ಹೂಳು ತುಂಬಿ ಹೊಲವಾಗಿಬಿಡುತ್ತೆ. ಮೇಲೆ ನಿಂತವರಿಗೆ ಏನೂ ಗೊತ್ತಾಗಲ್ಲ. ಅಡ್ಡ ಕಡಿದರೆ ಮಾತ್ರ ಕಾಣುತ್ತೆ.

ನಮ್ಮ ಎರೆ ಭೂಮಿಯಲ್ಲಿ ಅದೂ ಸುಲಭವಲ್ಲ. ಕಪ್ಪು ಮಣ್ಣಿನಲ್ಲಿ ತೋಡಿದ ಗುಂಡಿಗೆ ಕಪ್ಪು ಮಣ್ಣೇ ತುಂಬಿದರೆ ಗೆರೆ ಎಲ್ಲಿ ಹುಡುಕುವುದು? ಬೇಸಿಗೆಯಲ್ಲಿ ಬಿಡುವ ಬಿರುಕಿಗೆ ನಿನ್ನೆಯ ಬಾಟಲಿ ಚೂರೂ ಎರಡಡಿ ಇಳಿದಿರುತ್ತೆ. ಗುಂಡಿ ಎರೆ ದಾಟಿ ಕೆಳಗಿನ ಮುರುಮಿಗೆ, ಅಂದರೆ ಗರಸು ಮಣ್ಣಿಗೆ ಇಳಿದಿದ್ದರೆ ಮಾತ್ರ ನಮ್ಮ ಅದೃಷ್ಟ. ಬಿಳಿ ಮುರುಮಿನಲ್ಲಿ ಕಪ್ಪು ಹೊಟ್ಟೆ ಎದ್ದು ಕಾಣುತ್ತೆ.

ಎರಡು ವರ್ಷದ ಹಿಂದೆ ಜೇವರ್ಗಿ ಕಡೆ ಅಂಥದ್ದೊಂದು ಸಿಕ್ಕಿತು. ರಸ್ತೆಗಾಗಿ ಸಣ್ಣ ದಿಬ್ಬ ಕಡಿದಿದ್ದರು. ಆಳೆತ್ತರದ ಗೋಡೆ. ಮೇಲೆ ಎರೆ, ಕೆಳಗೆ ಸುಣ್ಣದ ಹರಳು ಬೆರೆತ ಮುರುಮು. ಅದರಲ್ಲಿ ದೊಡ್ಡ ಹರವಿಯನ್ನು ನಡುವೆ ಸೀಳಿ ಇಟ್ಟಂತೆ ಒಂದು ಕಪ್ಪು ಆಕಾರ. ಬಾಯಿ ಎರಡಡಿ, ಹೊಟ್ಟೆ ಐದಡಿ, ಆಳ ಆರಡಿ. ಕರಣಿಯಿಂದ ಮೇಲ್ಮೈ ಮಾತ್ರ ಕೆರೆದೆವು. ತಳದಲ್ಲಿ ಬೆರಳು ದಪ್ಪ ಬೂದಿ. ಅದರ ಮೇಲೆ ಒಳಗೆಲ್ಲ ಕಪ್ಪು, ಹೊರಗೆ ಕೆಂಪು ಇರುವ ಗಡಿಗೆ ಚೂರು, ಮೇಕೆಯ ದವಡೆ. ಇನ್ನೂ ಮೇಲೆ ಮಳೆ ನೀರು ತಂದು ಹಾಸಿದ ತೆಳು ತೆಳು ಹೂಳಿನ ಪದರ. ನಾನು ನೋಟ್ ಬುಕ್ಕಿನಲ್ಲಿ ಬರೆದೆ: ‘ಕಸದ ಗುಂಡಿ. ತಳದಲ್ಲಿ ಬೂದಿ ಚೆಲ್ಲಿದ್ದಾರೆ.’

ಪಕ್ಕದ ತೊಗರಿ ಹೊಲದಿಂದ ಒಬ್ಬರು ಆಯಿ ಬಂದರು. ಸೊಂಟಕ್ಕೆ ಕುಡುಗೋಲು. ಒಂದು ನಿಮಿಷ ನೋಡಿದರು.

“ಇದು ಹಗೇವು ಅಲ್ಲೇನೋ ತಮ್ಮಾ?”

“ಹಂಗ ಕಾಣ್ತದ ಆಯಿ. ಆದ್ರ ತಳದಾಗ ಬೂದಿ ಚೆಲ್ಯಾರ ನೋಡ್ರಿ.”

“ಚೆಲ್ಲಿಲ್ಲೋ. ಕಾಳು ಸುರುವಾಕ ಮೊದಲ ಒಳಗ ಬೆಂಕಿ ಹಾಕಿ ಒಣಗಸ್ತಿದ್ರು. ಹಸಿ ಇದ್ರ ಕಾಳು ಕೆಡ್ತದ.”

ನಾನು ಬೂದಿಯ ಕೆಳಗಿನ ಮುರುಮು ನೋಡಿದೆ. ಇಟ್ಟಿಗೆಯ ಹಾಗೆ ಕೆಂಪಗಿತ್ತು. ಆರಿದ ಬೂದಿ ತಂದು ಚೆಲ್ಲಿದರೆ ಕೆಳಗಿನ ನೆಲ ಕೆಂಪಾಗಲ್ಲ. ಬೆಂಕಿ ಅಲ್ಲೇ ಉರಿದಿತ್ತು. ಎಂ.ಎ. ಓದಿದ ನನಗೆ ಬೇಡವೇ ಅದು ಕಾಣುವುದು? ಬರೆದದ್ದನ್ನು ಹೊಡೆದುಹಾಕಿದೆ. ಆಯಿ ಆಮೇಲೆ ಹಗೇವಿಗೆ ಇಳಿಯುವ ಮುಂಚೆ ದೀಪ ಬಿಟ್ಟು ನೋಡುತ್ತಿದ್ದುದನ್ನು ಹೇಳಿದರು. ಕಾಳು ಉಸಿರಾಡಿ ಒಳಗೆ ಕೆಟ್ಟ ಗಾಳಿ ತುಂಬಿರುತ್ತೆ. ಹುಳ ಸಾಯುವುದೂ ಅದರಿಂದಲೇ, ಅವಸರ ಮಾಡಿದ ಮನುಷ್ಯ ಸಾಯುವುದೂ ಅದರಿಂದಲೇ.

ಆ ಬೂದಿ ನಾವು ಮುಟ್ಟಲಿಲ್ಲ. ಉತ್ಖನನಕ್ಕೆ ಪುರಾತತ್ವ ಇಲಾಖೆಯ ಲೈಸೆನ್ಸ್ ಬೇಕು. ಒಂದು ಕಚೇರಿಗೆ ಫೋನ್ ಮಾಡಿದೆ, ಪತ್ರ ಬರೆಯಿರಿ ಅಂದರು, ಬರೆದೆ. ಮುಂದಿನ ಭಾನುವಾರ ಹೋದರೆ ಗೋಡೆಯನ್ನು ಇನ್ನೂ ಆರಡಿ ಹಿಂದಕ್ಕೆ ಕಡಿದಿದ್ದರು. ಹಗೇವಿನ ಮಣ್ಣು ಯಾವ ಟಿಪ್ಪರಿನಲ್ಲಿ ಎಲ್ಲಿಗೆ ಹೋಯಿತೋ! ಉಳಿದದ್ದು ಏಳು ಫೋಟೋ, ಒಂದು ಅಳತೆ ಚಿತ್ರ.

ಒಂದು ಬಕೆಟ್ ಬೂದಿ ಸಿಕ್ಕಿದ್ದರೆ? ನೀರಿಗೆ ಹಾಕಿ ಕಲಕಿದರೆ ಸುಟ್ಟು ಕರಿಯಾದ ಕಾಳು ಮೇಲೆ ತೇಲುತ್ತೆ, ಅಕ್ಕಿ ತೊಳೆಯುವಾಗ ಹೊಟ್ಟು ತೇಲುವ ಹಾಗೆ. ಕರಿಯಾದ ಕಾಳು ಕೊಳೆಯುವುದಿಲ್ಲ. ಅದು ಯಾವ ಬೆಳೆ ಅಂತ ಗೊತ್ತಾಗುತ್ತೆ, ಅದೇ ಕಾಳಿನ ಕಾರ್ಬನ್ ಅಳೆದರೆ ಎಷ್ಟು ವರ್ಷ ಹಳೆಯದು ಅಂತಲೂ ಗೊತ್ತಾಗುತ್ತೆ. ದಕ್ಷಿಣ ಭಾರತದ ನವಶಿಲಾಯುಗದ ರೈತರು ಬೆಳೆಯುತ್ತಿದ್ದದ್ದು ಹುರುಳಿ, ಹೆಸರು, ಕೊರಲೆ ಅಂತ ತಿಳಿದದ್ದು ಇಂಥ ಕಾಳುಗಳಿಂದಲೇ. ಜೋಳ ಆಮೇಲೆ ಆಫ್ರಿಕಾದಿಂದ ಬಂದದ್ದು. ರೊಟ್ಟಿ ಇಲ್ಲದ ಕಲಬುರಗಿಯನ್ನು ಸುಮ್ನೆ ಊಹಿಸಿಕೊಳ್ಳಿ. ಜೋಳ ನಮ್ಮ ಹೊಲಕ್ಕೆ ಯಾವಾಗ ಇಳಿಯಿತು ಅಂತ ಯಾವ ಶಾಸನವೂ ಹೇಳಲ್ಲ, ಗುಂಡಿ ಹೇಳುತ್ತೆ. ಅದಕ್ಕೇ ಅಷ್ಟೊತ್ತು ನೋಡುವುದು.

ಬ್ರಿಟನ್ನಿನಲ್ಲಿ 1990ರಿಂದ ಒಂದು ಪದ್ಧತಿ ಬಂತು. ಕಟ್ಟುವವನೇ ಮೊದಲು ನೆಲ ಪರೀಕ್ಷೆ ಮಾಡಿಸಬೇಕು, ಖರ್ಚೂ ಅವನದೇ. ರಸ್ತೆ ಹಾದುಹೋಗುವ ಹೊಲದಲ್ಲಿ ಅಲ್ಲಲ್ಲಿ ಉದ್ದುದ್ದ ಪರೀಕ್ಷಾ ಕಾಲುವೆ ತೆಗೆಯುತ್ತಾರೆ. ಅಲ್ಲೂ ಜೆಸಿಬಿಯೇ, ಆದರೆ ಬಕೆಟ್ಟಿಗೆ ಹಲ್ಲು ಇರುವುದಿಲ್ಲ. ಮೇಲ್ಮಣ್ಣನ್ನು ಕೆನೆ ತೆಗೆದಂತೆ ತೆಗೆಯುತ್ತಾರೆ. ಗುಂಡಿಯ ಗುರುತು ಕಂಡರೆ ಯಂತ್ರ ನಿಲ್ಲುತ್ತೆ, ಕರಣಿ ಶುರು. ಅರ್ಧ ಗುಂಡಿ ತೆಗೆದು ಅರ್ಧ ಬಿಡುತ್ತಾರೆ, ಪದರ ಕಾಣಲಿ ಅಂತ. ಕೇಂಬ್ರಿಡ್ಜ್ ಹತ್ತಿರದ ಎ14 ಹೆದ್ದಾರಿಗೆ 2016ರಿಂದ ಹೀಗೆ ಸುಮಾರು 250 ಪುರಾತತ್ವದವರು ಕೆಲಸ ಮಾಡಿದರು. ರಸ್ತೆಯೂ ಆಯಿತು.

ಪದರ ನೋಡುವುದು ನಮಗೇನೂ ಹೊಸದಲ್ಲ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1850ರ ಆಸುಪಾಸಿನಲ್ಲೇ ಇದೇ ಜೇವರ್ಗಿ ಸುತ್ತಿನ ಕಲ್ಲುಗೋರಿಗಳನ್ನು ಅಗೆದು, ಅಡ್ಡ ಕಡಿತದ ಚಿತ್ರ ಬರೆದಿಟ್ಟಿದ್ದ. ಆದರೆ ನಾವು ಈಗಲೂ ಅದೃಷ್ಟ ನಂಬಿಕೊಂಡು ಕೂತಿದ್ದೇವೆ. ನಮ್ಮ ಜಿಲ್ಲೆಯ ಸನ್ನತಿಯ ಅಶೋಕ ಶಾಸನ 1986ರಲ್ಲಿ ಹೇಗೆ ಬೆಳಕಿಗೆ ಬಂತು? ಗುಡಿಯ ಚಾವಣಿ ಕುಸಿದು! ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲದು.

ಕಾನೂನು ಇಲ್ವಾ ಅಂತ ಕೇಳುತ್ತೀರಿ. ಇದೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಶಹಾಪುರ ಹತ್ತಿರ ವಿಭೂತಿಹಳ್ಳಿಯ ಸಾಲುಗಲ್ಲುಗಳಿಗೆ ಆ ರಕ್ಷಣೆ ಇದೆ. ಪಟ್ಟಿಯಲ್ಲಿಲ್ಲದ ದಿಬ್ಬಕ್ಕೆ? ಅದು ಬರೀ ಸರ್ವೇ ನಂಬರು.

ನನ್ನ ದೊಡ್ಡ ಹೆದರಿಕೆ ರಸ್ತೆ ಹಾಯುವ ಜಾಗದ್ದೂ ಅಲ್ಲ. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತೆ, ಅದರ ಮೇಲೆ ರಸ್ತೆ ನಿಲ್ಲಲ್ಲ. ಎರೆ ತೆಗೆದು ಮುರುಮು ತುಂಬಬೇಕು. ಆ ಮುರುಮು ಎಲ್ಲಿಂದ ಬರುತ್ತೆ? ಊರ ಹೊರಗಿನ ಎತ್ತರದ, ಬೇಸಾಯಕ್ಕೆ ಬಾರದ ಜಾಗದಿಂದ. ಹಿಂದಿನವರು ಮನೆ ಕಟ್ಟಲು, ಹೆಣ ಹೂಳಲು ಆರಿಸಿಕೊಂಡದ್ದೂ ಅಂಥದೇ ಜಾಗ. ರಸ್ತೆಗೆ ಗೂಟವಾದರೂ ಇರುತ್ತೆ, ನಾವು ಹೋಗಿ ನೋಡಬಹುದು. ಮುರುಮಿನ ಗುಂಡಿಗೆ ಅದೂ ಇಲ್ಲ. ರಾತ್ರಿ ತೆಗೆದು ಬೆಳಿಗ್ಗೆ ತುಂಬಿ ಮುಗಿಸಿರುತ್ತಾರೆ. ಸುರಪುರ ಕಡೆಯ ಬೂದಿಹಾಳದ ಹೆಸರೇ ಹೇಳುವಂತೆ ಅಲ್ಲಿ ಬೂದಿ ದಿಬ್ಬ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದು ನೋಡಿದಾಗ ಅದು ನವಶಿಲಾಯುಗದ ದನಗಾಹಿಗಳ ದೊಡ್ಡಿ, ಸುಟ್ಟ ಸಗಣಿಯ ರಾಶಿ ಅಂತ ಗೊತ್ತಾಯಿತು. ಯಾರೂ ನೋಡದಿದ್ದರೆ ಅಂಥ ದಿಬ್ಬವೂ ಮಣ್ಣಿನ ಲೆಕ್ಕವೇ.

ಹಾಗಾದರೆ ರಸ್ತೆ ಬೇಡ ಅಂತೀರಾ ಅಂತ ಕೇಳುವವರೂ ಇದ್ದಾರೆ. ಮಳೆಗಾಲದಲ್ಲಿ ಎರೆಯಲ್ಲಿ ಹೂತ ಬಸ್ಸು ತಳ್ಳಿದವನು ನಾನು, ರಸ್ತೆ ಬೇಕೇ ಬೇಕು. ಜೆಸಿಬಿಗಿಂತ ಹದಿನೈದು ದಿನ ಮುಂಚೆ ಬಲ್ಲವರು ನಾಲ್ಕು ಜನ ನಡೆದು ನೋಡಲಿ, ಅನುಮಾನ ಬಂದ ಕಡೆ ಅಗೆದು ನೋಡಲಿ. ಅಷ್ಟೇ.

ಹೋದ ಚಳಿಗಾಲದಲ್ಲಿ ಆ ಹೊಸ ರಸ್ತೆಯಲ್ಲೇ ಹೋಗುವಾಗ ಆಯಿ ಸಿಕ್ಕರು. ಫೋಟೋ ತೋರಿಸಿದೆ. “ಹದಿನೈದು ಚೀಲ ಹಿಡೀತಿತ್ತು ನೋಡು” ಅಂದರು. ಮನೆಯಲ್ಲಿ ಅಳತೆ ಚಿತ್ರ ಇಟ್ಟುಕೊಂಡು ನಾನೂ ಲೆಕ್ಕ ಹಾಕಿದ್ದೆ, ಕ್ವಿಂಟಲ್ ಚೀಲ ಹದಿನೇಳು ಬಂದಿತ್ತು. ಸ್ವಲ್ಪ ಜಂಬದಿಂದಲೇ ಹೇಳಿದೆ.

“ಸುತ್ತ ಕಣಿಕಿ ಹಾಸಿದ್ದು ಕಳದಿ ಏನು?” ಅಂತ ಕೇಳಿದರು.

ಕಳೆದಿರಲಿಲ್ಲ.