ಅವಳು ನಿದ್ದೆ ಯಾವಾಗ ಮಾಡ್ತಾಳೆ?

"ಈ ಹೆಂಗಸು ನಿದ್ದೆ ಯಾವಾಗ ಮಾಡ್ತಾಳೆ?"

ಮಂಗಳವಾರ ರಾತ್ರಿ ಚಿಕ್ಕಮ್ಮ ಕೇಳಿದ ಈ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ನಾವು ನೋಡುತ್ತಿದ್ದದ್ದು 'ಟರ್ಮಿನೇಟರ್: ದಿ ಸಾರಾ ಕಾನರ್ ಕ್ರಾನಿಕಲ್ಸ್'. 'ಟರ್ಮಿನೇಟರ್' ಸಿನಿಮಾಗಳ ಕಥೆಯನ್ನು ಮುಂದುವರಿಸುವ ಟಿವಿ ಸರಣಿ. ಹಳೆಯದೇ, 2008ರಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾದದ್ದು. ಚಿಕ್ಕಮ್ಮ ಕೇಳಿದ ಹೆಂಗಸು ಸಾರಾ; ಮುಂದೆ ಯಂತ್ರಗಳ ವಿರುದ್ಧ ಮನುಷ್ಯರ ನಾಯಕನಾಗಬೇಕಾದ ಮಗ ಜಾನ್‌ನನ್ನು ಭವಿಷ್ಯದಿಂದ ಬರುವ ಕೊಲೆಗಾರ ಯಂತ್ರಮಾನವರಿಂದ ಕಾಪಾಡುವ ತಾಯಿ. ರಜೆಗೆ ಬಂದಿರುವ ತಂಗಿ ಮಗ ಹಾಕಿದ್ದ. ಭಾವನೂ ಇದ್ದರು. ಚಿಕ್ಕಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಆ ಯಂತ್ರಗಳನ್ನು ಆಳುವ ಸ್ಕೈನೆಟ್ ಅನ್ನುವ ಕಂಪ್ಯೂಟರ್ ಯಾವುದು, ಭವಿಷ್ಯದಿಂದ ಬಂದವರು ಯಾರು, ಒಂದೂ ಗೊತ್ತಿಲ್ಲ. ಸುಮ್ನೆ ನೋಡುತ್ತಿದ್ದರು. ಆಮೇಲೆ ಈ ಪ್ರಶ್ನೆ ಕೇಳಿದರು.

ತಂಗಿ ಮಗ ನಕ್ಕ. "ಅಜ್ಜಿ, ಇದು ಆ್ಯಕ್ಷನ್ ಸೀರೀಸ್" ಅಂದ. ಭಾವ ಅಷ್ಟು ಹೊತ್ತಿಗೆ ಮೊಬೈಲ್ ಹಿಡಿದಿದ್ದರು. ಅವರ ತೀರ್ಪು ಮೊದಲ ಹತ್ತು ನಿಮಿಷದಲ್ಲೇ ಬಂದಿತ್ತು: ಅರ್ನಾಲ್ಡ್ ಇಲ್ಲದ ಟರ್ಮಿನೇಟರ್ ಏನು ನೋಡೋದು? ಭಾವ ಒಳ್ಳೆಯವರು. ಆದರೆ ಯಾವುದನ್ನೂ ಪೂರ್ತಿ ನೋಡುವವರಲ್ಲ. ಮದುವೆ ಊಟಕ್ಕೆ ಹೋದರೂ ಎರಡನೇ ಪಂಕ್ತಿಗೆ ಕಾಯುವುದಿಲ್ಲ.

ತಂಗಿ ಮಗನ ದೂರು ಬೇರೆ. ಅವನು ಎಲ್ಲಾ ಕಂತುಗಳನ್ನೂ ಒಮ್ಮೆ ನೋಡಿದ್ದಾನೆ. ಮೊದಲ ಸೀಸನ್ ಸೂಪರ್, ಎರಡನೆಯದು ಬೋರ್ ಅನ್ನುತ್ತಾನೆ. ಹೊಡೆದಾಟ ಕಡಿಮೆ, ಮಾತು ಜಾಸ್ತಿ. ಸಾರಾ ಮೂರು ಚುಕ್ಕಿಗಳ ಗುರುತಿನ ಹಿಂದೆ ಬಿದ್ದು ಕಂತುಗಟ್ಟಲೆ ಅಲೆಯುತ್ತಾಳೆ, ಯಾಕೆ? ಈ ದೂರು ಅವನೊಬ್ಬನದೇ ಏನಲ್ಲ. ಪ್ರಸಾರವಾದ ಕಾಲದಲ್ಲೂ ಎಷ್ಟೋ ಜನ ಇದನ್ನೇ ಹೇಳಿದ್ದರು. ಇನ್ನೊಂದು ದೂರು ಲೀನಾ ಹೆಡಿ ಮೇಲೆ. ಸಾರಾ ಪಾತ್ರಕ್ಕೆ ಅವಳು ತೀರಾ ಸಣಕಲು ಅಂತ. 1991ರ ಎರಡನೇ ಸಿನಿಮಾದಲ್ಲಿ ಸಾರಾ ಆಗಿದ್ದ ಲಿಂಡಾ ಹ್ಯಾಮಿಲ್ಟನ್ ಆಸ್ಪತ್ರೆಯ ಕೋಣೆಯಲ್ಲಿ ಮಂಚ ನಿಲ್ಲಿಸಿ ಪುಲ್-ಅಪ್ ಮಾಡುವುದನ್ನು ನೋಡಿದವರು ಆ ತೋಳುಗಳನ್ನು ಮರೆಯಲಿಲ್ಲ. ಹಾಗಾಗಿ ಹೊಸಬಳ ಮುಖಕ್ಕಿಂತ ಮೊದಲು ತೋಳು ನೋಡಿದರು. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಹೆಡಿಯ ಕಣ್ಣಿನ ಕೆಳಗಿನ ಆಯಾಸ ನೋಡಿ. ಅದೇ ಈ ಪಾತ್ರ.

ಚಿಕ್ಕಮ್ಮ ನೋಡಿದ್ದು ಅದನ್ನೇ.

ಅವರ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ನೆನೆಸಿಕೊಳ್ಳಲು ಇನ್ನೊಂದು ಕಾರಣ ಇದೆ. ಎರಡನೇ ಸೀಸನ್‌ನಲ್ಲಿ ಒಂದು ಇಡೀ ಕಂತು ಇದೇ ಪ್ರಶ್ನೆಯ ಸುತ್ತ ಇದೆ. ಸಾರಾಗೆ ನಿದ್ದೆ ಬರುವುದಿಲ್ಲ. ನಿದ್ರಾ ಚಿಕಿತ್ಸಾಲಯಕ್ಕೆ ಸೇರುತ್ತಾಳೆ. ಅಲ್ಲಿ ಮಲಗಿದಾಗಲೆಲ್ಲ ಯಾರೋ ಅವಳನ್ನು ವ್ಯಾನಿನಲ್ಲಿ ಕಟ್ಟಿಹಾಕಿರುವ ಕನಸು ಬೀಳುತ್ತದೆ. ಕೊನೆಗೆ ಗೊತ್ತಾಗುವುದೇನೆಂದರೆ, ವ್ಯಾನೇ ನಿಜ, ಚಿಕಿತ್ಸಾಲಯ ಕನಸು. ಅವಳಿಗೆ ನೆಮ್ಮದಿಯ ಹಾಸಿಗೆ ಸಿಕ್ಕಿದ್ದು ಕನಸಿನಲ್ಲಿ ಮಾತ್ರ. ತಂಗಿ ಮಗ ಬೋರ್ ಅಂದ ಕಂತುಗಳಲ್ಲಿ ಇದೂ ಒಂದು. ಬರೆದವರು ಇಷ್ಟು ಕಷ್ಟಪಟ್ಟು ಕಟ್ಟಿದ ಪ್ರಶ್ನೆಯನ್ನು ಭಾಷೆ ಬಾರದ ಚಿಕ್ಕಮ್ಮ ಮೊದಲ ರಾತ್ರಿಯೇ ಕೇಳಿಬಿಟ್ಟರು.

ಚಿಕ್ಕಪ್ಪ ತೀರಿಹೋದಾಗ ಚಿಕ್ಕಮ್ಮನಿಗೆ ಮೂವತ್ತೂ ಆಗಿರಲಿಲ್ಲ. ಇಬ್ಬರು ಮಕ್ಕಳು, ಒಂದು ಕೋಣೆ, ಒಂದು ಹೊಲಿಗೆ ಯಂತ್ರ. ರಾತ್ರಿ ನಾನು ನೀರಿಗೆ ಎದ್ದಾಗಲೂ ಯಂತ್ರದ ಸದ್ದು ಕೇಳುತ್ತಿತ್ತು. ಅವರಿಗೂ ಯಾರೂ ಆಗ ನಿದ್ದೆಯ ಬಗ್ಗೆ ಕೇಳಲಿಲ್ಲ. ನಮ್ಮ ಮನೆಯ ದೊಡ್ಡವರೂ ಕೇಳಲಿಲ್ಲ. "ಗಟ್ಟಿಗಿತ್ತಿ" ಅಂತ ಹೊಗಳಿ ಸುಮ್ಮನಾದರು. ಆ ಹೊಗಳಿಕೆ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಗಟ್ಟಿಗಿತ್ತಿ ಅಂದುಬಿಟ್ಟರೆ ಸಹಾಯ ಮಾಡಬೇಕಾಗಿಲ್ಲ, ಅಲ್ವಾ?

ಸಿನಿಮಾದವರಿಗೆ ಎರಡು ಗಂಟೆ ಸಾಕು. ಯಂತ್ರ ಬರುತ್ತದೆ, ಓಡುತ್ತಾರೆ, ಯಂತ್ರವನ್ನು ಸುಡುತ್ತಾರೆ, ಮುಗಿಯಿತು. ಮರುದಿನ ಬೆಳಿಗ್ಗೆ ಏನು? ಬಾಡಿಗೆ ಮನೆ ಹುಡುಕಬೇಕು. ಸುಳ್ಳು ಹೆಸರಲ್ಲಿ ಮಗನನ್ನು ಶಾಲೆಗೆ ಸೇರಿಸಬೇಕು. ದುಡ್ಡು ಎಲ್ಲಿಂದ? ಇದನ್ನೆಲ್ಲ ಈ ಸರಣಿ ತೋರಿಸಿತು. ತಾಯಿ ಮಗ 1999ರಿಂದ 2007ಕ್ಕೆ ಹಾರುತ್ತಾರೆ. ಆಮೇಲೆ ಸಾರಾಗೆ ತಿಳಿಯುತ್ತದೆ, ಹಾರದಿದ್ದರೆ 2005ರಲ್ಲೇ ಕ್ಯಾನ್ಸರ್‌ನಿಂದ ಸಾಯುತ್ತಿದ್ದಳು ಅಂತ. ಯಂತ್ರವಾದರೆ ಗುಂಡು ಹೊಡೆಯಬಹುದು. ತನ್ನ ಮೈಯೊಳಗೇ ಇರಬಹುದಾದ ಕಾಯಿಲೆಗೆ ಏನು ಮಾಡೋದು? ಆ ಭಯದಲ್ಲೇ ಅವಳು ಅಡುಗೆ ಮಾಡುತ್ತಾಳೆ, ಬಂದೂಕಿಗೆ ಎಣ್ಣೆ ಹಾಕುತ್ತಾಳೆ.

ಆ್ಯಕ್ಷನ್ ಇಲ್ಲ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಮೊದಲ ಸೀಸನ್ ಕೊನೆಯಲ್ಲಿ ಎಫ್‌ಬಿಐ ತಂಡ ಒಂದು ಯಂತ್ರವನ್ನು ಹಿಡಿಯಲು ಹೋಗುತ್ತದೆ. ಕ್ಯಾಮೆರಾ ಈಜುಕೊಳದ ತಳದಲ್ಲಿ ಇರುತ್ತದೆ. ಮೇಲೆ ಏನಾಗುತ್ತಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಒಬ್ಬೊಬ್ಬರೇ ಸತ್ತು ನೀರಿಗೆ ಬೀಳುತ್ತಾರೆ. ಹಿನ್ನೆಲೆಯಲ್ಲಿ ಜಾನಿ ಕ್ಯಾಶ್ ಹಾಡು. ಹತ್ತು ಕಾರು ಸಿಡಿಸಿದರೂ ಇಷ್ಟು ಭಯ ಹುಟ್ಟುತ್ತಿರಲಿಲ್ಲ. ಎರಡನೇ ಸೀಸನ್‌ನಲ್ಲಿ, ಸಾರಾ ಜೊತೆ ಹೋರಾಡುವ ಜಾನ್‌ನ ದೊಡ್ಡಪ್ಪ ಡೆರೆಕ್ ಸಾಯುವುದೂ ಹಾಗೆಯೇ. ಬಾಗಿಲು ದಾಟಿದ, ಗುಂಡು ಬಿತ್ತು. ಕೊನೆಯ ಮಾತಿಲ್ಲ, ಸ್ಲೋ ಮೋಷನ್ ಇಲ್ಲ. ಯುದ್ಧದಲ್ಲಿ ಸಾವು ಹೀಗೆಯೇ ಬರುತ್ತದೆ ಎಂದು ನಂಬಿ ಮಾಡಿದ ದೃಶ್ಯ ಅದು.

ನೋಡುವವರು ಸಾಲಲಿಲ್ಲ. ಬರಹಗಾರರ ಮುಷ್ಕರದಿಂದ ಮೊದಲ ಸೀಸನ್ 9 ಕಂತಿಗೇ ನಿಂತಿತ್ತು. ಎರಡನೆಯದನ್ನು ಅರ್ಧದಲ್ಲಿ ಶುಕ್ರವಾರಕ್ಕೆ ತಳ್ಳಿದರು. ಒಟ್ಟು 31 ಕಂತಾದ ಮೇಲೆ 2009ರ ಮೇನಲ್ಲಿ ನಿಲ್ಲಿಸಿಬಿಟ್ಟರು. ಅದೇ ತಿಂಗಳು ನಾಲ್ಕನೇ ಸಿನಿಮಾ ಬಂತು, ತುಂಬ ಯುದ್ಧ, ತುಂಬ ಸಿಡಿತ. ನನಗೆ ಅದರಲ್ಲಿ ಒಬ್ಬ ಮನುಷ್ಯನೂ ನೆನಪಿಲ್ಲ.

ಗುರುವಾರ ಕೊನೆಯ ಕಂತು ಹಾಕಿಸಿಕೊಂಡು ನೋಡಿದೆವು. ಜಾನ್ ಭವಿಷ್ಯಕ್ಕೆ ಹೋಗುತ್ತಾನೆ. ಸಾರಾ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದು ಇಲ್ಲೇ ಉಳಿಯುತ್ತಾಳೆ. ಅಲ್ಲಿ ಜಾನ್ ಕಾನರ್ ಅನ್ನುವ ಹೆಸರೇ ಯಾರಿಗೂ ಗೊತ್ತಿಲ್ಲ. "ಇಷ್ಟೆಲ್ಲ ಮಾಡಿ ಕೊನೆಗೆ ಅವನು ಯಾರೂ ಅಲ್ವಾ?" ಅಂತ ತಂಗಿ ಮಗ ಈ ಸಲವೂ ರೇಗಿದ. ಅವನಿಗೆ ನಾಯಕ ಬೇಕು. ನನಗೆ ಇದೇ ಸರಿಯಾದ ಮುಕ್ತಾಯ ಅನ್ನಿಸಿತು. ನೀನೇ ನಾಯಕ ಎಂದು ಹುಟ್ಟಿದಾಗಿನಿಂದ ಕೇಳಿದ ಹುಡುಗ ಮೊದಲ ಸಲ ಬರೀ ಹುಡುಗನಾಗಿದ್ದಾನೆ. ಮಗನಿಗೆ ಹೀಗೊಂದು ಬದುಕು ಸಿಗಲಿ ಅಂತಲೇ ಅಲ್ವಾ ಆ ತಾಯಿ ಯಂತ್ರಗಳ ಜೊತೆ ಹೋರಾಡಿದ್ದು?

ಚಿಕ್ಕಮ್ಮ ನಮ್ಮಿಬ್ಬರ ಮಾತನ್ನೂ ಒಪ್ಪಲಿಲ್ಲ. ಮಗನನ್ನು ಒಬ್ಬನೇ ಕಳಿಸಬಾರದಿತ್ತು ಅಂದರು. ಅವಳು ಇಲ್ಲಿ ಉಳಿದು ಆ ಯುದ್ಧವನ್ನೇ ತಡೆಯಬೇಕಿತ್ತು ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ತಡೀಲಿ, ಬೇಡ ಅನ್ನಲ್ಲ. ಅವನನ್ನೂ ಇಟ್ಟುಕೊಂಡು ತಡೀಲಿ" ಅಂದರು. ಇದಕ್ಕೆ ತಂಗಿ ಮಗನ ಹತ್ತಿರವೂ ಉತ್ತರ ಇರಲಿಲ್ಲ.