ಸತ್ತ ಮೇಲೆ ಸಿಕ್ಕ ಬಡ್ತಿ

"ಡಿಸಿ ತೀರ್ಕೊಂಡ್ರೆ ಡಿಸಿ ಕೊಡಬೇಡ್ವೇನಪ್ಪಾ?"

ರಾತ್ರಿ 10.40ಕ್ಕೆ ಚೀಫ್ ಸಬ್ ಎಡಿಟರ್ ಹೀಗೆ ಕೇಳಿದಾಗ ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿದ್ದವರೆಲ್ಲ ನಕ್ಕೆವು. ಸಿಂಗಲ್ ಕಾಲಮ್ಮಿನಲ್ಲಿದ್ದ ಐಟಮ್ಮನ್ನು ಎಳೆದು ಡಬಲ್ ಕಾಲಮ್ ಮಾಡಿದೆ, ನಮ್ಮ ಡೆಸ್ಕಿನ ಭಾಷೆಯಲ್ಲಿ ಅದೂ ಡಿಸಿಯೇ. ಶೀರ್ಷಿಕೆ ‘ನಿವೃತ್ತ ಜಿಲ್ಲಾಧಿಕಾರಿ ನಿಧನ’. ತೀರಿಕೊಂಡವರು ಡಿಸಿ ಆಗಿರಲಿಲ್ಲ. ಡಿಸಿ ಕಚೇರಿಯ ಶಿರಸ್ತೇದಾರರು.

ಸ್ಟ್ರಿಂಗರ್ (ಊರಿನ ಅರೆಕಾಲಿಕ ವರದಿಗಾರ) ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಒಂಬತ್ತು ಸಾಲು. ಶುರುವಾದದ್ದೇ ‘ಜಿಲ್ಲಾಧಿಕಾರಿ ಕಚೇರಿಯಲ್ಲಿ ಸುದೀರ್ಘ ಕಾಲ ಸೇವೆ ಸಲ್ಲಿಸಿ ನಿವೃತ್ತರಾಗಿದ್ದ’ ಅಂತ. ಹುದ್ದೆಯ ಹೆಸರು ಇದ್ದದ್ದು ಐದನೇ ಸಾಲಿನಲ್ಲಿ: ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದಾಗ ಹೈಸ್ಕೂಲು ಓದುತ್ತಿದ್ದ ಮಗಳ ಜಾತಿ ಪ್ರಮಾಣಪತ್ರಕ್ಕೆ ಅವಳನ್ನೇ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲಿಸಿದ್ದರು, ಮುಂದೆ ಅದೇ ಹುದ್ದೆಯಲ್ಲೇ ನಿವೃತ್ತರಾದರು. ನಿಧನ ವಾರ್ತೆಗೆ ಇದೆಲ್ಲ ಯಾಕೆ ಅಂದುಕೊಂಡು ಮೊದಲು ಕತ್ತರಿ ಹಾಕಿದ್ದೇ ಆ ಸಾಲಿಗೆ. ಡಬಲ್ ಕಾಲಮ್ ಆದಾಗ ಜಾಗ ಮಿಕ್ಕಿತು. ಆಗಲಾದರೂ ತೆಗೆದದ್ದನ್ನು ವಾಪಸ್ ತರಬಹುದಿತ್ತು. ತರಲಿಲ್ಲ. ‘ದಕ್ಷ, ಪ್ರಾಮಾಣಿಕ ಆಡಳಿತಗಾರರೆಂದು ಹೆಸರಾಗಿದ್ದರು’ ಅಂತ ಕೈಯಿಂದ ತುಂಬಿಸಿದೆ.

10.52. ಸ್ಟ್ರಿಂಗರ್ ಫೋನು ಬ್ಯುಸಿ. ಇನ್ನೊಮ್ಮೆ ಮಾಡಿದೆ, ಬ್ಯುಸಿ. ಪುಟ 11ಕ್ಕೆ ಹೋಗಬೇಕು. ಅನುಮಾನ ಇರಲಿಲ್ಲ ಅಂತ ಹೇಳಲಾರೆ, ಇತ್ತು. ಡಿಸಿಯೊಬ್ಬರ ಸಾವಿಗೆ ಜಿಲ್ಲಾ ವರದಿಗಾರನ ಕಡೆಯಿಂದ ಒಂದು ಸೊಲ್ಲೂ ಇಲ್ಲವಲ್ಲ ಅನ್ನಿಸಿತ್ತು. ಫೋಟೊ ತೆರೆದೆ. ಕಪ್ಪು ಕೋಟು, ಕೆಂಪು ಟೈ. ಸರಿ, ಡಿಸಿನೇ ಅಂತ ಪುಟ ಬಿಟ್ಟೆ. ಆ ಕೋಟು ಸ್ಟುಡಿಯೋದವನದ್ದು. ಆಧಾರ್ ಸೈಜಿನ ಫೋಟೊ ಕೊಟ್ಟರೆ ಕತ್ತಿನಿಂದ ಕೆಳಗೆ ಅವನೇ ಕೋಟು ಕೂರಿಸಿ ಕೊಡುತ್ತಾನೆ. ಹಳೇ ಪುಟ ತಿರುವಿದರೆ ಒಂದೇ ಕೋಟು, ಒಂದೇ ಟೈಯಲ್ಲಿ ಒಂದೇ ವಾರದಲ್ಲಿ ಮೂವರು ತೀರಿಕೊಂಡಿದ್ದಾರೆ.

ಬೆಳಿಗ್ಗೆ ಮಗಳ ಫೋನು. ಜಗಳ ಇಲ್ಲ, ಅಳು ಇಲ್ಲ. "ಎಸ್‌ಡಿಎ ಆಗಿ ಸೇರಿದ್ರು, ಎಫ್‌ಡಿಎ ಆದ್ರು, ಶಿರಸ್ತೇದಾರ್ ಆದ್ರು. ನಮ್ಮಪ್ಪನಿಗೆ ಸಿಕ್ಕಿದ್ದು ಎರಡೇ ಬಡ್ತಿ ಸಾರ್. ಮೂರನೇದು ನೀವು ಕೊಟ್ರಿ. ಮನೆಗೆ ಬಂದೋರೆಲ್ಲ ಡಿಸಿ ಆಗಿದ್ರಾ ಅಂತ ಕೇಳ್ತಿದಾರೆ, ಹೆಣದ ಪಕ್ಕ ಕೂತು ಅಲ್ಲ ಅಲ್ಲ ಅಂತಿದೀವಿ."

ಸರ್ಕಾರಿ ನೌಕರರ ನಿಧನ ವಾರ್ತೆಯಲ್ಲಿ ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಶಿರಸ್ತೇದಾರ್, ತಹಶೀಲ್ದಾರ್, ಉಪವಿಭಾಗಾಧಿಕಾರಿ, ಅಪರ ಜಿಲ್ಲಾಧಿಕಾರಿ, ಜಿಲ್ಲಾಧಿಕಾರಿ, ಎಲ್ಲ ಬೇರೆ ಬೇರೆ ಮೆಟ್ಟಿಲು. ಬೀದಿಯವರ ಬಾಯಲ್ಲಿ ಮಾತ್ರ ಯಾರೇ ಆಗಲಿ ‘ತಾಲ್ಲೂಕು ಆಫೀಸಿನ ಸಾಹೇಬ್ರು’. ಸ್ಟ್ರಿಂಗರ್ ಕೇಳಿಕೊಂಡು ಬರೆಯುವುದು ಆ ಬೀದಿಯವರನ್ನೇ. ಕೇಳಬೇಕಾದದ್ದು ಮನೆಯವರನ್ನು: ನಿವೃತ್ತಿಯ ದಿನ ಯಾವ ಹುದ್ದೆ, ಯಾವ ಕಚೇರಿ, ಯಾವ ವರ್ಷ? ಅವರಿಗೂ ಗೊಂದಲವಿದ್ದರೆ ಪಿಪಿಒ (ಪಿಂಚಣಿ ಪಾವತಿ ಆದೇಶ) ನೋಡಿ ಹೇಳಿ ಅನ್ನಿ. ಹುದ್ದೆ, ಜನ್ಮದಿನಾಂಕ, ನಿವೃತ್ತಿ ದಿನಾಂಕ ಮೂರೂ ಅದರಲ್ಲಿವೆ. ಕುಟುಂಬ ಪಿಂಚಣಿಗೆ ಹೇಗೂ ಅದನ್ನು ಹುಡುಕಿಯೇ ಇಡಬೇಕು. ಡಿಸಿ ಅಂತ ಯಾರಾದರೂ ಹೇಳಿದರೆ ಇನ್ನೊಂದು ದಾರಿಯಿದೆ. ಜಿಲ್ಲಾಧಿಕಾರಿ ಕೊಠಡಿಯ ಗೋಡೆಯ ಮೇಲೆ ಹಿಂದಿನವರ ಹೆಸರು, ಅವಧಿಯ ಫಲಕ ಇರುತ್ತದೆ. ಅದರ ಫೋಟೊ ಡೆಸ್ಕಿನ ಫೋನಿನಲ್ಲಿದ್ದರೆ ಅರ್ಧ ನಿಮಿಷದ ಕೆಲಸ. ಈಗ ಇದೆ.

ಜಿಲ್ಲೆಯ ಹೆಸರನ್ನೂ ಇಸವಿಗೆ ಹಚ್ಚಿ ನೋಡಬೇಕು. 1988ರಲ್ಲಿ ನಿವೃತ್ತರಾದವರು ‘ಹಾವೇರಿ ಜಿಲ್ಲೆ’ಯಲ್ಲಿ ಕೆಲಸ ಮಾಡಿರಲು ಸಾಧ್ಯವಿಲ್ಲ, ಆಗ ಅದು ಧಾರವಾಡ. ಹಾವೇರಿ, ಗದಗ, ಉಡುಪಿ, ದಾವಣಗೆರೆ, ಚಾಮರಾಜನಗರ, ಕೊಪ್ಪಳ, ಬಾಗಲಕೋಟೆ ಜಿಲ್ಲೆಗಳಾದದ್ದು 1997ರಲ್ಲಿ. ರಾಮನಗರ, ಚಿಕ್ಕಬಳ್ಳಾಪುರ 2007ರಲ್ಲಿ. ಹಳೇ ಮೈಸೂರಿನ ಹಿರಿಯರ ವಿಷಯದಲ್ಲಿ ‘ಅಮಲ್ದಾರ್’ ಅಂತ ಬಂದರೆ ತಹಶೀಲ್ದಾರ್ ಎಂದೇ ಅರ್ಥ, ಗಾಬರಿ ಬೇಡ.

ವಯಸ್ಸಿನದು ಇನ್ನೊಂದು ತಲೆನೋವು. ಮನೆಯವರು ಹೇಳುವುದು ‘ನಡೆಯುತ್ತಿರುವ’ ವರ್ಷ, ಪತ್ರಿಕೆಯಲ್ಲಿ ಹಾಕುವುದು ತುಂಬಿದ ವರ್ಷ. ನ್ಯಾಯಮೂರ್ತಿ ನಿಟ್ಟೂರು ಶ್ರೀನಿವಾಸರಾಯರು ಹುಟ್ಟಿದ್ದು 1903ರ ಆಗಸ್ಟ್ 24, ತೀರಿಕೊಂಡದ್ದು 2004ರ ಆಗಸ್ಟ್ 12. ಇಸವಿಯಲ್ಲಿ ಇಸವಿ ಕಳೆದರೆ 101, ತುಂಬಿದ್ದು 100. ಸರ್ ಎಂ. ವಿಶ್ವೇಶ್ವರಯ್ಯನವರ ಶತಮಾನೋತ್ಸವ ಆಚರಿಸಿ ಅಂಚೆಚೀಟಿ ತಂದದ್ದು 1960ರಲ್ಲಿ, ಆದರೂ ಹುಟ್ಟಿದ ಇಸವಿ 1861 ಅಂತ ಬರೆಯುವವರು ಇವತ್ತಿಗೂ ಇದ್ದಾರೆ. ಅಂಥವರದ್ದೇ ಹೀಗಾದರೆ ನಮ್ಮ ಶಿರಸ್ತೇದಾರರ ಪಾಡೇನು? ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಅರ್ಧ ರಾಜ್ಯದ ಹುಟ್ಟುಹಬ್ಬ. ಅದಕ್ಕೇ ಮೇ 31ಕ್ಕೆ ಕಚೇರಿ ಕಚೇರಿಯಲ್ಲಿ ಹಾರ, ಶಾಲು. ತಾಳೆ ನೋಡಲು ನಿವೃತ್ತಿಯ ವರ್ಷ ಕೇಳಿ: 2008ಕ್ಕೆ ಮೊದಲಿನ ಒಂದೆರಡು ದಶಕದಲ್ಲಿ ನಿವೃತ್ತರಾದವರಿಗೆ ಆಗ 58, ಆಮೇಲಿನವರಿಗೆ 60. ಸ್ವಯಂ ನಿವೃತ್ತಿ ಆಗಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ವಿಧಿಗಳ ಪದಗಳನ್ನು ನಾವು ಊಹಿಸಲೇಬಾರದು. ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ಉತ್ತರಕ್ರಿಯೆ, ಅವರವರ ಮನೆಯ ಪದ ಅವರವರಿಗೆ. ಹೂಳುವ ಮನೆಯವರ ಐಟಮ್ಮಿನಲ್ಲಿ ‘ಚಿತೆಗೆ ಅಗ್ನಿಸ್ಪರ್ಶ’ ಬಂದರೆ ಮುಗಿಯಿತು. ಸುದ್ದಿಯಲ್ಲಿ ‘ನಿಧನ’, ‘ಅಂತ್ಯಸಂಸ್ಕಾರ’ ಸಾಕು, ಯಾರಿಗೂ ನೋವಾಗುವುದಿಲ್ಲ. ಪುಣ್ಯಸ್ಮರಣೆಯ ಜಾಹೀರಾತಿನಲ್ಲಿ ದಿನಾಂಕ ಕಳೆದ ವರ್ಷದ್ದಕ್ಕಿಂತ ಹನ್ನೊಂದು ದಿನ ಹಿಂದೆ ಬಂದಿದ್ದರೆ ತಪ್ಪೆಂದು ತಿದ್ದಬೇಡಿ, ಅದು ತಿಥಿ ಲೆಕ್ಕ. ಅಧಿಕ ಮಾಸ ಬಂದ ವರ್ಷ ಮುಂದಕ್ಕೆ ಹೋಗುತ್ತದೆ.

ಇನ್ನು ವಿಶೇಷಣಗಳು. ದಕ್ಷ, ಪ್ರಾಮಾಣಿಕ, ಸರಳ, ಸಜ್ಜನ, ಅಜಾತಶತ್ರು. ಇವನ್ನು ಹಾಕಿದರೆ ಯಾರೂ ಫೋನ್ ಮಾಡಿ ಬೈಯುವುದಿಲ್ಲ, ಅದಕ್ಕೇ ಕೈ ಅಲ್ಲಿಗೇ ಓಡುತ್ತದೆ. ಸರ್ಕಾರದ ಕೆಲಸಕ್ಕೊಂದು ದೀಪ, ಮನೆ ಕೆಲಸಕ್ಕೊಂದು ದೀಪ ಅನ್ನುವ ಕಥೆಯನ್ನಂತೂ ಚಾಣಕ್ಯನಿಗೂ ಹೇಳುತ್ತಾರೆ, ಸರ್ ಎಂ.ವಿ.ಗೂ ಹೇಳುತ್ತಾರೆ, ನಿವೃತ್ತ ಎಂಜಿನಿಯರು ತೀರಿಕೊಂಡಾಗಲೆಲ್ಲ ಯಾರಾದರೂ ಕಳಿಸಿಯೇ ಕಳಿಸುತ್ತಾರೆ. ಅದನ್ನು ತೆಗೆಯಿರಿ, ತೊಂದರೆಯಿಲ್ಲ. ಆದರೆ ಜಾತಿ ಪ್ರಮಾಣಪತ್ರ, ಹೈಸ್ಕೂಲು, ತಾಲ್ಲೂಕು ಕಚೇರಿಯ ಕಿಟಕಿ ಅಂತ ಹೆಸರು ಹಿಡಿದು ಹೇಳುವಂಥದ್ದು ಬಂದಾಗ ಕತ್ತರಿ ಕೆಳಗಿಡಬೇಕು. ಅಪ್ಪ, ನೌಕರ ಇಬ್ಬರೂ ಸಿಗುವುದು ಅಲ್ಲಿಯೇ. ಈ ಸಲ ಹುದ್ದೆಯೂ ಅಲ್ಲೇ ಇತ್ತು.

ಮ್ಯಾನೇಜ್‌ಮೆಂಟಿನವರು ಇದಾದ ಮೇಲೆ ಕಳಿಸಿದ್ದು ‘ಪ್ರತಿ ಐಟಂ ಎರಡು ಬಾರಿ ಪರಿಶೀಲಿಸಿ’ ಅನ್ನುವ ಮೇಲ್. ಎರಡನೇ ಬಾರಿ ನೋಡುವವನ ಹುದ್ದೆ ಖಾಲಿ ಬಿದ್ದು ಬಹಳ ದಿನವಾಯಿತು. ಯೂನಿಕೋಡ್ ಕಾಪಿಯನ್ನು ಪುಟದ ಫಾಂಟಿಗೆ ಬದಲಿಸುವ ಕನ್ವರ್ಟರ್ ಇವತ್ತಿಗೂ ಅರ್ಕಾವತ್ತು ತಿನ್ನುತ್ತದೆ. 10.40ರಿಂದ 11ರವರೆಗೆ ಕಣ್ಣೆಲ್ಲ ಅದರ ಮೇಲೇ.

ಮಗಳು ಕೇಳಿದ್ದು ಇಷ್ಟೇ: ತಿದ್ದುಪಡಿ ಹಾಕುವಾಗ ಆ ಪ್ರಮಾಣಪತ್ರದ ವಿಷಯವನ್ನೂ ಸೇರಿಸಿ, ಅಮ್ಮ ಪೇಪರ್ ಕತ್ತರಿಸಿ ಇಟ್ಟುಕೊಳ್ತಾರೆ. ಕೇಳಿ ನೋಡಿದೆ. ತಿದ್ದುಪಡಿಗೆ ನಮ್ಮಲ್ಲಿ ಮೂರು ಸಾಲು, ಫೋಟೊ ಇಲ್ಲ. ಹೆಸರು, ಹುದ್ದೆ, ‘ತಪ್ಪಾಗಿ ಪ್ರಕಟವಾಗಿತ್ತು, ವಿಷಾದಿಸುತ್ತೇವೆ’ ಅನ್ನುವಷ್ಟರಲ್ಲಿ ಮೂರೂ ತುಂಬಿದವು. ಸಾಲಿನಲ್ಲಿ ನಿಂತ ಹುಡುಗಿ ಎರಡನೇ ಸಲವೂ ಹೊರಗೇ ಉಳಿದಳು.