ಗದ್ದೆಗೆ ಹಸಿರು ಬಣ್ಣ ಹಚ್ಚಿದ್ದೆ

"ಇದು ನನ್ನ ಗದ್ದೆ ಅಲ್ವಾ ಮೇಡಂ? ಇದ್ಯಾಕೆ ಕೆಂಪಾಗಿದೆ? ಗದ್ದೆ ಎಲ್ಲಿಗೆ ಜಾರತ್ತೆ, ಅದು ಆಗ್ಲೇ ಕೆಳಗೇ ಇದೆಯಲ್ಲ" ಅಂತ ಆ ತೋಟದ ಅಣ್ಣ ನಕ್ಕಾಗ ನಾನೂ ನಕ್ಕೆ, ಆದ್ರೆ ಒಳಗೆ ಎದೆ ಧಸಕ್ ಅಂತು. 2019ರ ಫೆಬ್ರವರಿ, ಕೊಡಗಿನ ಮಕ್ಕಂದೂರು ದಾಟಿ ಇನ್ನೂ ಸ್ವಲ್ಪ ಒಳಗೆ, ಕಾಫಿ ಕೊಯ್ಲು ಮುಗೀತಾ ಬಂದಿತ್ತು, ಕಣದಲ್ಲಿ ಹಣ್ಣು ಒಣಗೋಕೆ ಹಾಕಿದ್ರು, ಅದರ ಪಕ್ಕದಲ್ಲೇ ನಾನು ನನ್ನ ದೊಡ್ಡ ಪ್ರಿಂಟೌಟ್ ಹರಡಿ ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಕಲ್ಲಿಟ್ಟು ಕೂತಿದ್ದೆ. ಗುಡ್ಡ ಕುಸಿತ ಎಲ್ಲೆಲ್ಲಿ ಆಗಬಹುದು ಅನ್ನೋ ಮ್ಯಾಪು. ಕೆಂಪು ಅಂದ್ರೆ ಜಾಸ್ತಿ, ಹಳದಿ ಅಂದ್ರೆ ಮಧ್ಯಮ, ಹಸಿರು ಅಂದ್ರೆ ಕಮ್ಮಿ. ಅದರಲ್ಲಿ ಅವರ ಗದ್ದೆ, ಚಪ್ಪಟೆ ಗದ್ದೆ, ನೀರು ನಿಲ್ಲಿಸೋಕೆ ಅಂತಾನೇ ಸಮ ಮಾಡಿರೋ ಗದ್ದೆ, ಕೆಂಪಗೆ ಹೊಳೀತಿತ್ತು.

ನಾನು ಭೂಕುಸಿತದ ಮೇಲೆ ರಿಸರ್ಚ್ ಮಾಡೋಳು. ಹುಟ್ಟಿ ಬೆಳೆದಿದ್ದು ಅರಸೀಕೆರೆ ಕಡೆ, ಮಳೆ ಬಂದ್ರೆ ಸಾಕಪ್ಪಾ ಅನ್ನೋ ಊರು, ಮಳೆ ಜಾಸ್ತಿಯಾಗಿ ಗುಡ್ಡ ಇಳಿದು ಬರತ್ತೆ ಅನ್ನೋದನ್ನ ನಾನು ಮೊದಲು ಕಲ್ತಿದ್ದೇ ಪುಸ್ತಕದಲ್ಲಿ. 2018ರ ಆಗಸ್ಟಲ್ಲಿ ಕೊಡಗಲ್ಲಿ ಏನಾಯ್ತು ಅಂತ ಎಲ್ರಿಗೂ ನೆನಪಿದೆ, ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಈ ಹೆಸರುಗಳೆಲ್ಲ ಒಂದೇ ವಾರದಲ್ಲಿ ಟೀವಿಗೆ ಬಂದ್ವು. ಜೂನಿಂದಾನೇ ಬಿಡದೆ ಹೊಡೆದಿದ್ದ ಮಳೆಗೆ ಮಣ್ಣು ಪೂರ್ತಿ ಕುಡಿದು ತುಂಬಿಕೊಂಡಿತ್ತು, ಆಗಸ್ಟ್ ಮಧ್ಯದ ಮಳೆ ಅದರ ಮೇಲೆ ಬಿತ್ತು. ಜಿಯಾಲಾಜಿಕಲ್ ಸರ್ವೆಯವರು ನೂರಕ್ಕೂ ಹೆಚ್ಚು ಕುಸಿತ ನೋಡಿ, ಮಳೆ ಜೊತೆಗೆ ರಸ್ತೆಗೆ ಮನೆಗೆ ಅಂತ ಇಳಿಜಾರು ಕಡಿದಿದ್ದೂ ಕಾರಣ ಅಂದ್ರು. ಊರವರು ಜುಲೈನಲ್ಲಿ ಭೂಮಿ ನಡುಗಿದ್ದನ್ನ ಹೇಳ್ತಿದ್ರು, ಕೆಲವರು ಜಲಸ್ಫೋಟ ಅಂತಿದ್ರು. ಜಲಸ್ಫೋಟ ಅನ್ನೋದನ್ನ ನಮ್ಮ ಫೀಲ್ಡಲ್ಲಿ ಸುಮಾರು ಜನ ನಕ್ಕು ತಳ್ಳಿಹಾಕ್ತಾರೆ, ನಂಗೆ ಹಾಗನ್ಸಲ್ಲ. ಮೇಲೆ ಸಡಿಲ ಮಣ್ಣು, ಕೆಳಗೆ ಕರಾವಳಿ ಕಡೆ ಶೇಡಿ ಮಣ್ಣು ಅಂತಾರಲ್ಲ ಅಂಥ ಜಿಡ್ಡು ಮಣ್ಣು, ಅದರ ಕೆಳಗೆ ಬಂಡೆ, ಒಳಗೆ ಇಳಿದ ನೀರಿಗೆ ಹೋಗೋಕೆ ದಾರಿ ಇಲ್ಲದೆ ಒತ್ತಡ ಏರಿ ಮಣ್ಣಿನ ಕಣಗಳ ಹಿಡಿತಾನೇ ಬಿಟ್ಟುಹೋಗತ್ತೆ, ಕಣ್ಣಾರೆ ನೋಡಿದೋರಿಗೆ ಅದು ಗುಡ್ಡದ ಹೊಟ್ಟೆಯಿಂದ ನೀರು ಸಿಡಿದ ಹಾಗೇ ಕಾಣೋದು.

ಸರಿ, ಗದ್ದೆ ಯಾಕೆ ಕೆಂಪಾಯ್ತು ಅನ್ನೋದಕ್ಕೆ ಬರ್ತೀನಿ, ಯಾಕಂದ್ರೆ ಈ ತಪ್ಪನ್ನ ಹೊಸದಾಗಿ ಈ ಕೆಲಸಕ್ಕೆ ಬರೋ ಹುಡುಗರು ಈಗಲೂ ಮಾಡ್ತಾರೆ. ಮ್ಯಾಪ್ ಮಾಡೋದು ಹೀಗೆ: ಮೋಡ ಸರಿದ ಮೇಲೆ, ಅಂದ್ರೆ ಅಕ್ಟೋಬರ್ ನವೆಂಬರ್ ಹೊತ್ತಿಗೆ, ಸ್ಯಾಟಲೈಟ್ ಚಿತ್ರದಲ್ಲಿ ಹಸಿರಿನ ಮಧ್ಯೆ ಕೆಂಪು ಗೀರು ಎಲ್ಲೆಲ್ಲಿ ಕಾಣತ್ತೋ ಅದರ ಸುತ್ತ ಗೆರೆ ಎಳೀತೀವಿ. ಆಮೇಲೆ ಕಂಪ್ಯೂಟರಿಗೆ, ನೋಡಪ್ಪ ಇವೆಲ್ಲ ಕುಸಿದ ಜಾಗ, ಇಲ್ಲಿ ಇಳಿಜಾರು ಎಷ್ಟಿದೆ, ಮಣ್ಣು ಯಾವುದು, ರಸ್ತೆ ಎಷ್ಟು ಹತ್ರ, ತೋಡು, ಅಂದ್ರೆ ಸಣ್ಣ ಹಳ್ಳ, ಎಷ್ಟು ಹತ್ರ ಅಂತ ಕಲ್ತುಕೋ, ಇದೇ ತರದ ಜಾಗ ಬೇರೆ ಎಲ್ಲಿದೆ ಹೇಳು ಅಂತೀವಿ. ನಾನು ಆ ಗೀರನ್ನ ತಲೆಯಿಂದ ಬಾಲದ ತನಕ ಪೂರ್ತಿ ಒಂದೇ ಅಂತ ಕೊಟ್ಬಿಟ್ಟಿದ್ದೆ. ಆದ್ರೆ ಗೀರಿನ ತಲೆ ಮಾತ್ರ ಕುಸಿದ ಜಾಗ, ಉಳಿದಿದ್ದು ಮಣ್ಣು ಹರಿದು ಬಂದ ದಾರಿ, ಬಾಲ ಅಂದ್ರೆ ಬಂದು ನಿಂತ ಜಾಗ, ಅದು ಹೆಚ್ಚಾಗಿ ಗದ್ದೆ. ಪಾಪ ಕಂಪ್ಯೂಟರು, ಓಹೋ ಚಪ್ಪಟೆ ಗದ್ದೆಗಳೂ ಕುಸೀತಾವೆ ಅಂತ ಕಲ್ತುಕೊಳ್ತು. ತಮಾಷೆ ಅಂದ್ರೆ ಅಕ್ಯುರಸಿ ನಂಬರ್ ತುಂಬ ಚೆನ್ನಾಗಿ ಬಂದಿತ್ತು, ಬರದೇ ಏನು, ಪರೀಕ್ಷೆಗೆ ಇಟ್ಟಿದ್ದೂ ಅದೇ ಗೀರುಗಳಲ್ಲಿ ಒಂದು ಪಾಲು, ನಾನೇ ಪಾಠ ಮಾಡಿ ನಾನೇ ಪ್ರಶ್ನೆಪತ್ರಿಕೆ ಬರೆದು ನಾನೇ ಮಾರ್ಕ್ಸ್ ಹಾಕಿದ ಹಾಗೆ.

ವಾಪಸ್ ಬಂದು ಎರಡು ತಿಂಗಳು ಕೂತು ಒಂದೊಂದು ಗೀರನ್ನೂ ಬಿಡಿಸಿ, ತಲೆ ಬೇರೆ ಬಾಲ ಬೇರೆ ಮಾಡಿ, ತಲೆಯನ್ನ ಮಾತ್ರ ಕೊಟ್ಟು ಮತ್ತೆ ಓಡಿಸಿದೆ. ಮ್ಯಾಪು ಎಷ್ಟು ಚೆಂದ ಬಂತು ಅಂದ್ರೆ, ಮೇಲೆ ಇಳಿಜಾರು ಕೆಂಪು, ಕೆಳಗೆ ಗದ್ದೆಬಯಲು ಹಸಿರು, ಕಣ್ಣಿಗೆ ತಂಪು. ನಮ್ಮ ಗೈಡೂ ತಲೆ ಆಡಿಸಿದ್ರು. ತಪ್ಪು ತೋರಿಸಿಕೊಟ್ಟೋರಿಗೆ ಕಳಿಸ್ಬೇಕಲ್ವಾ ಅಂತ ಆ ಅಣ್ಣನಿಗೂ ವಾಟ್ಸಾಪ್ ಮಾಡಿದೆ. ಅವರು ಒಂದು ಥಂಬ್ಸಪ್ ಹಾಕಿ ಸುಮ್ನಾದ್ರು.

ಒಂದು ವಾರ ಬಿಟ್ಟು ಫೋನ್ ಬಂತು. "ಮೇಡಂ, ಒಳ್ಳೇದಾಯ್ತು ನೋಡಿ, ಮಗನಿಗೆ ಬೇರೆ ಮನೆ ಕಟ್ಬೇಕು ಅಂತಿದ್ದೆ, ಮನೆ ಹಿಂದೆ ಬರೆ (ಗುಡ್ಡದ ಇಳಿಜಾರು) ಕಡಿಯೋಕೆ ನಮ್ಮನೆಯವಳು ಬೇಡ ಅಂತಾಳೆ, ನಿಮ್ಮ ಮ್ಯಾಪಲ್ಲಿ ಗದ್ದೆ ಹಸಿರು ಬಂದಿದೆಯಲ್ಲ, ಹೇಗೂ ಮೂರು ವರ್ಷದಿಂದ ಪಾಳು ಬಿಟ್ಟಿದೀನಿ, ಅಲ್ಲೇ ಕಟ್ತೀನಿ."

ನಂಗೆ ಆ ಕ್ಷಣ ಮಾತೇ ಹೊರಡಲಿಲ್ಲ. ವಿಜ್ಞಾನದ ಲೆಕ್ಕದಲ್ಲಿ ಆ ಹಸಿರು ಸರಿ. ಗದ್ದೆ ಕುಸಿಯಲ್ಲ. ಆದ್ರೆ ಅದರ ಮೇಲಿನ ಗುಡ್ಡ ಕುಸಿದ್ರೆ ಮಣ್ಣೆಲ್ಲ ಬಂದು ನಿಲ್ಲೋದು ಅಲ್ಲೇ. ಮೊದಲನೇ ಮ್ಯಾಪು ತಪ್ಪು ಕಾರಣಕ್ಕೆ ಕೆಂಪಾಗಿದ್ರೂ ಮನೆ ಕಟ್ಟೋರಿಗೆ ಅದೇ ಸರಿಯಾಗಿತ್ತು, ನಾನು ತಿದ್ದಿ ಸರಿ ಮಾಡಿದ ಮ್ಯಾಪು ಒಬ್ಬ ಮನುಷ್ಯನನ್ನ ತೋಡಿನ ಬಾಯಿಗೆ ಕರ್ಕೊಂಡು ಹೋಗಿ ನಿಲ್ಲಿಸಿತ್ತು.

ಫೋನಲ್ಲಿ ಹೇಳೋ ವಿಷಯ ಅಲ್ಲ ಅಂತ ಹೋದೆ. ಗದ್ದೆ ಪಕ್ಕ ಒಂದು ಹಳೇ ಬಾವಿ ಇತ್ತು. ತೋಡಿದಾಗ ಏನು ಸಿಕ್ತು ಅಂತ ಕೇಳಿದೆ. ಮೇಲೆ ಮೂರ್ನಾಲ್ಕು ಅಡಿ ಕಪ್ಪು ಮಣ್ಣು, ಕೆಳಗೆ ಬರೀ ಕಲ್ಲು ಮಣ್ಣು ಕಲಸಿದ್ದು, ಕರು ಗಾತ್ರದ ಬಂಡೆಗಳು, ಬಾವಿ ತೋಡೋರು ಬೈಕೊಂಡು ಜಾಸ್ತಿ ದುಡ್ಡು ಕೇಳಿದ್ರು ಅಂದ್ರು. ನುಣ್ಣಗಿತ್ತಾ, ಮೂಲೆ ಮೂಲೆಯಾಗಿತ್ತಾ? ಮೂಲೆ ಮೂಲೆ. ಹೊಳೆ ತಂದ ಕಲ್ಲು ಉರುಟಾಗಿರತ್ತೆ, ದಪ್ಪದ್ದು ಒಂದು ಕಡೆ ಸಣ್ಣದು ಒಂದು ಕಡೆ ಪದರ ಪದರ ಕೂತಿರತ್ತೆ. ಚೂಪು ಮೂಲೆಯ ಬಂಡೆ, ಜಲ್ಲಿ, ಜಿಡ್ಡು ಮಣ್ಣು ಎಲ್ಲಾ ಒಟ್ಟಿಗೆ ಕಲಸಿಕೊಂಡು ಸಿಕ್ತು ಅಂದ್ರೆ ಅದು ಹಿಂದೆ ಯಾವತ್ತೋ ಗುಡ್ಡದಿಂದ ಒಂದೇ ಏಟಿಗೆ ಬಂದು ಬಿದ್ದಿದ್ದು. ಅವರ ಗದ್ದೆ ಕೂತಿದ್ದೇ ಹಳೇ ಕುಸಿತದ ಮೇಲೆ.

ಹೇಳಿದೆ. ಸುಮಾರು ಹೊತ್ತು ಗುಡ್ಡದ ಕಡೆ ನೋಡ್ತಾ ನಿಂತ್ರು. ಆಮೇಲೆ, "ಮೇಲೆ ಕಟ್ಟೋದಾದ್ರೆ ಬರೆ ಕಡೀಬೇಕು, ಅದು ಕುಸಿಯುತ್ತೆ ಅಂತೀರಿ. ಕೆಳಗೆ ಕಟ್ಟಿದ್ರೆ ಮೇಲಿಂದ ಮಣ್ಣು ಬರುತ್ತೆ ಅಂತೀರಿ. ಆಕಾಶದಲ್ಲಿ ಕಟ್ಲಾ ಮೇಡಂ?" ಅಂದ್ರು. ಕೋಪದಲ್ಲೇ ಅಂದಿದ್ದು. ಈ ಪ್ರಶ್ನೆಗೆ ನಮ್ಮ ಪೇಪರುಗಳಲ್ಲಿ ಉತ್ತರ ಇರಲ್ಲ, ನಾವು ಎಲ್ಲಿ ಬೇಡ ಅಂತ ಬರೆದು ಮುಗಿಸ್ತೀವಿ. ಆವತ್ತು ಇಬ್ರೂ ತೋಟ ಪೂರ್ತಿ ಸುತ್ತಿದ್ವಿ, ಕಾಲಿಗೆ ಜಿಗಣೆ ಹತ್ತೋ ಕಾಲ ಅಲ್ಲ ಸದ್ಯ. ಕೊನೆಗೆ ಎರಡು ತೋಡಿನ ಮಧ್ಯೆ ಮೂಗಿನ ಹಾಗೆ ಮುಂದೆ ಚಾಚಿದ ಒಂದು ದಿಣ್ಣೆ ಸಿಕ್ತು, ನೀರು ಅದರ ಎರಡು ಪಕ್ಕಕ್ಕೆ ಹೋಗತ್ತೆ, ಮೇಲಿಂದ ಏನೇ ಬಂದ್ರೂ ತೋಡು ಹಿಡಿಯೋದೇ ಹೆಚ್ಚು. ಅಲ್ಲಿ ಒಳ್ಳೇ ಫಸಲು ಕೊಡೋ ಕಾಫಿ ಗಿಡ ಇದ್ವು. ಅವರಿಗೆ ಹೊಟ್ಟೆ ಉರೀತು, ಮುಖದಲ್ಲೇ ಕಾಣ್ತಿತ್ತು.

ಅಲ್ಲಿಂದ ನಾನು ಪ್ರತಿ ಕುಸಿತಕ್ಕೂ ಎರಡು ವಿಷಯ ಬೇರೆ ಬೇರೆ ಬರ್ಕೊಳ್ತೀನಿ, ಎಲ್ಲಿ ಹೊರಟಿತು, ಎಲ್ಲಿ ನಿಂತಿತು. ಕುಸಿತದ ತಲೆಯಿಂದ ಬಾಲಕ್ಕೆ ಒಂದು ದಾರ ಬಿಗಿದು ಕಟ್ಟಿದ ಹಾಗೆ ಅಂದ್ಕೊಳ್ಳಿ, ಆ ದಾರ ನೆಲಕ್ಕೆ ಎಷ್ಟು ಓರೆ ಇದೆ ಅನ್ನೋ ಕೋನ ಅಳೆದ್ರೆ ಆ ಊರಿನ ಗುಡ್ಡ ಕುಸಿದ್ರೆ ಎಷ್ಟು ದೂರ ಓಡತ್ತೆ ಅಂತ ಒಂದು ಅಂದಾಜು ಬರತ್ತೆ. ದೊಡ್ಡ ಕುಸಿತ ಆದಷ್ಟೂ ದಾರ ಮಲಗತ್ತೆ, ಅಂದ್ರೆ ಇನ್ನೂ ದೂರ ಓಡತ್ತೆ. ತೋಡಿಗೆ ಬಿದ್ದು ನೀರು ಕಲಸಿಕೊಂಡ್ರಂತೂ ಅದು ಮಣ್ಣಲ್ಲ, ಬಂಡೆ ಹೊತ್ತ ಗಂಜಿ, ಇಳಿಜಾರು ಕಮ್ಮಿ ಆದ್ರೂ ನಿಲ್ಲಲ್ಲ. ಆಮೇಲೂ ಕಥೆ ಮುಗಿಯಲ್ಲ, ಆ ಮಣ್ಣು ಹೊಳೆ ಪಾತ್ರದಲ್ಲಿ ಕೂತು ಪಾತ್ರ ಮೇಲೇರಿದ್ರೆ ಮುಂದಿನ ವರ್ಷ ಕಮ್ಮಿ ಮಳೆಗೇ ನೀರು ದಂಡೆ ಮೀರತ್ತೆ, ಜನ ಅದನ್ನ ಬೇರೆ ಪ್ರವಾಹ ಅಂತ ಎಣಿಸ್ತಾರೆ.

ರಿಪೋರ್ಟಲ್ಲಿ ಇದನ್ನ ಹಾಕೋದು ಅಷ್ಟು ಸುಲಭ ಆಗ್ಲಿಲ್ಲ. ನಮೂನೆಯಲ್ಲಿ ಮೂರೇ ಬಣ್ಣ. ನಾಲ್ಕನೇದು ಹಾಕಿದ್ರೆ ಓದೋರಿಗೆ ಗೊಂದಲ ಅಂತ ರಿಪೋರ್ಟ್ ಪರಿಶೀಲಿಸೋರು ಅಂದ್ರು, ಮಣ್ಣು ಎಲ್ಲಿಗೆ ಬರತ್ತೆ ಅನ್ನೋದು ಬೇರೆ ಪ್ರಾಜೆಕ್ಟ್ ಅಂದ್ರು. ಅವರದ್ದೂ ಪೂರ್ತಿ ತಪ್ಪಲ್ಲ, ದೇಶಕ್ಕೆಲ್ಲ 1:50,000 ಸ್ಕೇಲಲ್ಲಿ ಮ್ಯಾಪ್ ಮಾಡುವಾಗ ಒಂದೊಂದು ಗದ್ದೆ ನೋಡೋಕಾಗಲ್ಲ, ಆ ಸ್ಕೇಲಲ್ಲಿ 50 ಮೀಟರ್ ಗದ್ದೆ ಅಂದ್ರೆ ಕಾಗದದ ಮೇಲೆ ಒಂದು ಮಿಲಿಮೀಟರ್. ನಾನು ಬಣ್ಣ ಬಿಟ್ಟು, ಹಸಿರಿನ ಮೇಲೇ ಕಪ್ಪು ಓರೆ ಗೀರು ಹಾಕಿದೆ, ಇದು ಕುಸಿಯೋ ಜಾಗ ಅಲ್ಲ, ಕುಸಿದದ್ದು ಬರೋ ಜಾಗ ಅಂತ. ಒಂದಷ್ಟು ದಿನ ಅದನ್ನ ತೆಗೀರಿ ತೆಗೀರಿ ಅಂತಾನೇ ಮೀಟಿಂಗ್ ಆಯ್ತು.

2024ರ ಜುಲೈ ಆದ್ಮೇಲೆ ಯಾರೂ ತೆಗೀರಿ ಅನ್ನಲಿಲ್ಲ. 16ನೇ ತಾರೀಕು ಅಂಕೋಲಾದ ಶಿರೂರಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತು, ರಸ್ತೆ ಬದಿಯ ಚಹಾ ಅಂಗಡಿ, ನಿಂತಿದ್ದ ಗಾಡಿ ಎಲ್ಲಾ ಗಂಗಾವಳಿಗೆ ಹೋಯ್ತು, ಅದಷ್ಟೇ ಅಲ್ಲ, ಮಣ್ಣು ಬಿದ್ದ ರಭಸಕ್ಕೆ ಹೊಳೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಬಡೀತು. ಉಳುವರೆಯಲ್ಲಿ ಕುಸಿಯೋ ಗುಡ್ಡ ಎಲ್ಲಿದೆ, ಮಧ್ಯೆ ಹೊಳೆ ಇತ್ತು. ಎರಡು ವಾರಕ್ಕೆ, 30ರ ನಸುಕಿನಲ್ಲಿ ವಯನಾಡು. ಸುಮಾರು 1,550 ಮೀಟರ್ ಎತ್ತರದಲ್ಲಿ ಹೊರಟಿದ್ದು 8 ಕಿಲೋಮೀಟರ್ ತನಕ ಹರೀತು, ಪುಂಚಿರಿಮಟ್ಟಂ, ಮುಂಡಕೈ, ಚೂರಲ್‌ಮಲ, ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ರು. ಚೂರಲ್‌ಮಲದ ಪೇಟೆ, ಸ್ಕೂಲು ಇದ್ದಿದ್ದು ಹೊಳೆ ಪಕ್ಕ, ಕುಸಿತ ಹೊರಟ ತುದಿಯಿಂದ ಎಷ್ಟೋ ಕೆಳಗೆ. ಆ ಡ್ರೋನ್ ವಿಡಿಯೋ ನೋಡ್ತಾ ನಂಗೆ ನೆನಪಾಗಿದ್ದು ಆ ಹಳೇ ಬಾವಿಯ ಮೂಲೆ ಮೂಲೆ ಕಲ್ಲು.

ಯಾವಾಗ ಅನ್ನೋದು ಮೂರನೇ ಪ್ರಶ್ನೆ, ಅದನ್ನ ಇಲ್ಲಿ ಬೆಳೆಸಲ್ಲ. ಆ ತಿಂಗಳೇ ಜಿಯಾಲಾಜಿಕಲ್ ಸರ್ವೆಯವರು ಕುಸಿತದ ಮುನ್ಸೂಚನೆಗೆ ಭೂಸ್ಖಲನ್ ಅಂತ ಆ್ಯಪ್ ತಂದ್ರು, ನಮ್ಮಲ್ಲಿ ಪಂಚಾಯ್ತಿ ಮಟ್ಟದಲ್ಲಿ ಮಳೆ ಮಾಪನ ಇದೆ, ಕೊಡಗಿನ ತೋಟದವರು ತಲೆತಲಾಂತರದಿಂದ ಇಂಚು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಮಳೆ ಡೈರಿ ಬರೀತಾರೆ. ನಾನು ಕೇಳೋದು ಇವತ್ತಿನ ಮಳೆ ಒಂದನ್ನೇ ಅಲ್ಲ, ಹಿಂದಿನ ಹತ್ತು ಹದಿನೈದು ದಿನದ ಒಟ್ಟು ಎಷ್ಟು ಅಂತಾನೂ. ಆಮೇಲೆ ಇನ್ನೊಂದು, ಜೋರು ಮಳೆ ನಡೀತಿರುವಾಗಲೇ ತೋಡಿನ ನೀರು ಇದ್ದಕ್ಕಿದ್ದ ಹಾಗೆ ಕಮ್ಮಿ ಆದ್ರೆ ಖುಷಿ ಪಡಬೇಡಿ, ಮೇಲೆಲ್ಲೋ ಮಣ್ಣು ಬಿದ್ದು ಕಟ್ಟಿಕೊಂಡಿರಬಹುದು, ಎದ್ದು ದೂರ ಹೋಗಿ.

ಹೋದ ಸಲ ಆ ಕಡೆ ಹೋದಾಗ ಅವರ ಊರಿಗೂ ಹೋಗಿದ್ದೆ. ದಿಣ್ಣೆ ಮೇಲೆ ಮಗನ ಮನೆ ಎದ್ದಿದೆ, ಕಾಫಿ ಗಿಡ ಹೋಗಿದ್ದಕ್ಕೆ ಈಗಲೂ ನನ್ನನ್ನ ಆಡಿಕೊಳ್ತಾರೆ. ಹತ್ತಿರದ ಒಂದು ಆಫೀಸಿನ ಗೋಡೆ ಮೇಲೆ ನನ್ನ ಮ್ಯಾಪು ಅಂಟಿಸಿದ್ರು. ಜೆರಾಕ್ಸು. ಅದೂ ಜೆರಾಕ್ಸಿನ ಜೆರಾಕ್ಸು. ಕೆಂಪು ಹಳದಿ ಹಸಿರು, ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಬಣ್ಣಗಳೆಲ್ಲ ಒಂದೇ ಬೂದಿ ಬಣ್ಣ ಆಗಿದ್ವು, ಯಾವುದು ಯಾವುದು ಅಂತ ನಂಗೇ ಗೊತ್ತಾಗ್ಲಿಲ್ಲ. ಕಾಣ್ತಿದ್ದಿದ್ದು ಆ ಕಪ್ಪು ಓರೆ ಗೀರುಗಳು ಮಾತ್ರ, ಅವುಗಳ ಅಂಚಲ್ಲಿ ಯಾರೋ ನೀಲಿ ಪೆನ್ನಲ್ಲಿ ಸಣ್ಣ ಸಣ್ಣ ಚುಕ್ಕಿ ಇಟ್ಟು ತಮ್ಮ ತಮ್ಮ ಮನೆ ಗುರುತು ಮಾಡಿಕೊಂಡಿದ್ರು.